ಗಾಳದ ಕೋಲಿಗೊಂದು ಟೊಪ್ಪಿಗೆ

ಆಗ ನಮ್ಮ ಕಲಘಟಗಿಯಲ್ಲಿ ಜೀಪಿನ ನೆತ್ತಿಯ ಮೇಲೆ ಉದ್ದನೆಯ ಸಾಮಾನು ಹೇರಿದರೆ, ಅದನ್ನು ನೋಡಿಕೊಳ್ಳಲು ಹಿಂದಿನಿಂದ ಒಬ್ಬರು ಗಾಡಿಯ ಮೇಲೆ ಬರುವ ರೂಢಿಯಿತ್ತು. ಹಂದರದ ಗಳವಾಗಲಿ, ಮನೆಗೆ ಹೊದಿಸುವ ತಗಡಾಗಲಿ, ಮುಂದೆ ಕೂತು ಓಡಿಸುವವನಿಗೆ ತನ್ನ ತಲೆಯ ಮೇಲಿನದು ಕಾಣುವುದಿಲ್ಲವಲ್ಲ. ಈಗ ಯಾರಿಗೂ ಅಷ್ಟು ಪುರುಸೊತ್ತಿಲ್ಲ. ಆ ಪುರುಸೊತ್ತಿನ ಕಾಲದ ಒಂದು ರವಿವಾರದ ಮಾತು ಇದು. ನಮ್ಮ ಮನೆಯಲ್ಲಿ ಇದನ್ನು ಅಪ್ಪ ಹೇಳುವ ರೀತಿ ಬೇರೆ. ನಾನು ಹೇಳುತ್ತಿರುವುದು ಇದೇ ಮೊದಲು.

ಅಪ್ಪನ ಜೀಪು ವಾರವಿಡೀ ಸುತ್ತಲಿನ ಹಳ್ಳಿಗಳಿಗೆ ಮಂದಿಯನ್ನು ಹೊರುತ್ತಿತ್ತು. ರವಿವಾರ ಮಾತ್ರ ಅದು ಅಪ್ಪನದು ಮತ್ತು ದಸ್ತಗೀರ ಕಾಕಾನದು. ಕಾಕಾ ನಮ್ಮ ಓಣಿಯ ಟೇಲರ್. ಅಪ್ಪ ಮತ್ತು ಅವನು ಒಂದೇ ಸಾಲಿಯಲ್ಲಿ ಕಲಿತವರು, ಒಂದೇ ದಿನ ಸಾಲಿ ಬಿಟ್ಟವರು. ಇಬ್ಬರಿಗೂ ಗಾಳ ಹಾಕುವ ಹುಚ್ಚು. ದಸರೆ ಮುಗಿದು ದೀಪಾವಳಿ ಬರುವ ತನಕ ದೇವಿಕೊಪ್ಪದ ಕಡೆಯ ಕೆರೆ ತುಂಬಿಕೊಂಡಿರುತ್ತಿತ್ತು. ಆ ಎರಡು ಮೂರು ರವಿವಾರ ಅವರಿಬ್ಬರನ್ನು ಹಿಡಿದು ನಿಲ್ಲಿಸುವುದು ಯಾರಿಂದಲೂ ಆಗುತ್ತಿರಲಿಲ್ಲ.

ನಾನಾಗ ನಾಲ್ಕನೆಯ ಇಯತ್ತೆ. ನನ್ನನ್ನೂ ಕರೆದುಕೊಂಡು ಹೋಗು ಎಂದು ಅಪ್ಪನ ಬೆನ್ನು ಹತ್ತಿದ್ದೆ. ಹೆಣ್ಣು ಹುಡುಗಿ ಗಂಡಸರ ಜೋಡಿ ಕೆರೆ ದಂಡೆಯಲ್ಲಿ ಗಾಳ ಹಿಡಿದು ಕೂಡುವುದು ಎಲ್ಲಿಯ ಚಂದ ಎಂದು ನಮ್ಮ ಆಯಿ, ಅಪ್ಪನ ಅವ್ವ, ಒಂದೇ ಸಮನೆ ವಟಗುಟ್ಟಿದಳು. ನಾನು ಎರಡು ದಿನ ಊಟ ಬಿಟ್ಟೆ. ಬಿಟ್ಟೆ ಎಂದರೆ ಎಲ್ಲರೆದುರು ಬಿಟ್ಟೆ, ಅಡಿಗೆ ಮನೆಯಲ್ಲಿ ಯಾರೂ ಇಲ್ಲದಾಗ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದೆ. ಕೊನೆಗೆ ಕಾಕಾ ಬಂದು ಆಯಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಹುಡುಗಿ ಜವಾಬ್ದಾರಿ ತನ್ನದು ಎಂದು ಹೇಳಿ ಒಪ್ಪಿಸಿದ. ಆಯಿ ಅವನ ಮಾತು ತೆಗೆದುಹಾಕುತ್ತಿರಲಿಲ್ಲ. ಅವಳ ಕುಪ್ಪಸ ಅಷ್ಟು ಚೆಂದ ಹೊಲಿಯುವವರು ಕಲಘಟಗಿಯಲ್ಲಿ ಬೇರೆ ಯಾರಿದ್ದರು?

ಕಾಕಾ ನನಗಾಗಿ ಒಂದು ಕೋಲು ಮಾಡಿದ. ಅವರದಕ್ಕಿಂತ ಗಿಡ್ಡ, ಕಿರುಬೆರಳು ದಪ್ಪದ ಬಿದಿರು. ನೀರಿನ ಮೇಲೆ ತೇಲಲು ಜೋಳದ ದಂಟಿನ ಬೆಂಡು ಕಟ್ಟಿ, ಅದಕ್ಕೆ ಕೆಂಪು ಬಣ್ಣ ಹಚ್ಚಿದ. ಅದು ಒಣಗುವ ತನಕ ನಾನು ಅವನ ಅಂಗಡಿಯ ಕಟ್ಟೆ ಬಿಟ್ಟು ಏಳಲಿಲ್ಲ.

ಆ ಕೋಲುಗಳನ್ನು ಜೀಪಿನ ಕ್ಯಾರಿಯರಿಗೆ ಕಟ್ಟುವುದು ಕಾಕಾನ ಕೆಲಸ. ಅಪ್ಪನನ್ನು ಹತ್ತಿರ ಬಿಡುತ್ತಿರಲಿಲ್ಲ. ಕಬ್ಬಿಣದ ಸರಳಿಗೆ ಬಿದಿರು ತಿಕ್ಕಬಾರದೆಂದು ಹಳೆ ಜಮಖಾನೆಯ ತುಂಡು ಮಡಚಿ ಹಾಸುತ್ತಿದ್ದ. ದಪ್ಪ ಬುಡ ಮುಂದೆ, ತೆಳ್ಳನೆಯ ತುದಿ ಹಿಂದೆ. ತುದಿ ಮುಂದಾದರೆ ಗಾಳಿಗೆ ಅದು ಎರಡು ಹರದಾರಿ ತಡೆಯುವುದಿಲ್ಲ ಎನ್ನುತ್ತಿದ್ದ. ಮೂರು ಕಡೆ ಹಗ್ಗ. ಹಿಂದೆ ಚಾಚಿದ ತುದಿಗಳಿಗೆ ದಾರ ಸುತ್ತಿ, ಗಾಳದ ಕೊಕ್ಕೆಯನ್ನು ಬೆಂಡಿನೊಳಗೆ ಚುಚ್ಚಿ, ಎಲ್ಲವನ್ನೂ ಒಂದು ಉದ್ದನೆಯ ಕೆಂಪು ಅರಿವೆಯ ಟೊಪ್ಪಿಗೆಯೊಳಗೆ ಹಾಕಿ, ಲಾಡಿ ಎಳೆದು ಬಿಗಿಯುತ್ತಿದ್ದ. ಆ ಟೊಪ್ಪಿಗೆ ಅವನೇ ಹೊಲಿದದ್ದು, ಲಂಗಕ್ಕೆ ಹಾಕುವಂಥದೇ ಲಾಡಿ. ಅವನು ಬಿಗಿದ ಗಂಟು ಬಿಚ್ಚಲು ಅವನೇ ಬೇಕಾಗುತ್ತಿತ್ತು.

ನನ್ನ ಮೊದಲ ರವಿವಾರ ಹೊರಡುವ ಮುಂಚೆ ಅಪ್ಪ ಬೆರಳು ತೋರಿಸಿ ಹೇಳಿದ.

"ಗಿರಿಜಿ, ಮ್ಯಾಲಿನ ಸಾಮಾನಕ್ಕ ಕೈ ಹಚ್ಚಿದಿ ಅಂದ್ರ ಇದ ಕಡೀ ಐತವಾರ. ಮತ್ತ ಮನ್ಯಾಗ ಆಯಿ ಕಡೆ ಕುಂದ್ರೂದ."

ಅಪ್ಪ ಆಡಿದ ಮಾತು ಹಿಂತೆಗೆದುಕೊಂಡದ್ದನ್ನು ನಾನು ಕಂಡಿರಲಿಲ್ಲ.

ಅಪ್ಪ ಮುಂದೆ, ಪಕ್ಕದಲ್ಲಿ ಬುತ್ತಿಯ ಗಂಟು. ನಾನು ಹಿಂದಿನ ಸೀಟಿನಲ್ಲಿ, ತಾಡಪತ್ರಿ ಮೇಲೆತ್ತಿದ ಬಾಗಿಲ ಕಡೆ ಮುಖ ಮಾಡಿ. ನನ್ನೆದುರು ರಸ್ತೆಯಲ್ಲಿ ಕಾಕಾ ಮೊಪೆಡ್ಡಿನ ಮೇಲೆ, ಕಣ್ಣೆಲ್ಲ ಕ್ಯಾರಿಯರಿನ ಮೇಲೆ. ಮೊಪೆಡ್ಡಿನ ಹಾರ್ನು ಗಣಪತಿ ಹಬ್ಬದಿಂದ ಮೂಕಾಗಿತ್ತು. ನಾನು ನಾಲಿಗೆ ಚಾಚಿದರೆ ಅವನು ಮೆಳ್ಳಗಣ್ಣು ಮಾಡುತ್ತಿದ್ದ, ನಾನು ಮೂಗು ಹಿಂಡಿದರೆ ಅವನು ಗಲ್ಲ ಉಬ್ಬಿಸುತ್ತಿದ್ದ. ಊರು ದಾಟಿದ ಮೇಲೆ ಇದೇ ನಮ್ಮ ಆಟವಾಗಿತ್ತು.

ಅರ್ಧ ದಾರಿಯಲ್ಲಿ ಒಂದು ಚಾದಂಗಡಿ. ಮಿರ್ಚಿ ಭಜಿಯ ವಾಸನೆಗೆ ಅಪ್ಪ ಬ್ರೇಕ್ ಹಾಕದೆ ಮುಂದೆ ಹೋಗುತ್ತಿರಲಿಲ್ಲ. ನಾನು ಎರಡು ಭಜಿ ತಿಂದು, ಅವರಿಬ್ಬರು ಚಹಾ ಕುಡಿಯುತ್ತ ಹಳೇ ಮಾಸ್ತರರ ಸುದ್ದಿಗೆ ಇಳಿದಾಗ, ಜೀಪಿನ ಹಿಂದೆ ಬಂದೆ. ನನ್ನ ಬೆಂಡಿನ ಬಣ್ಣ ಉಳಿದ ಕೋಲುಗಳಿಗೆ ತಿಕ್ಕಿ ಹೋಗಿದ್ದರೆ? ಅಷ್ಟೇ ನೋಡಬೇಕಿತ್ತು. ಜೀಪಿನ ಬೆನ್ನಿಗಿದ್ದ ಏಣಿ ಹತ್ತಿದೆ. ಗಂಟು ಉಗುರಿಗೆ ಜಗ್ಗಲಿಲ್ಲ, ಹಲ್ಲು ಹಚ್ಚಿ ಬಿಚ್ಚಿದೆ. ಟೊಪ್ಪಿಗೆ ಸರಿಸಿ ಬೆಂಡು ಹೊರಗೆಳೆದು ನೋಡಿದೆ. ಬಣ್ಣ ಇತ್ತು. ಕೊಕ್ಕೆ ಕಿತ್ತು ಬಂದದ್ದನ್ನು ಮತ್ತೆ ಬೆಂಡಿಗೆ ಚುಚ್ಚಿದೆ, ದಾರ ಹೇಗೋ ಸುತ್ತಿದೆ, ಟೊಪ್ಪಿಗೆ ಏರಿಸಿ ಲಾಡಿ ಕಟ್ಟಿದೆ. ನನಗೆ ಬರುತ್ತಿದ್ದದ್ದು ಒಂದೇ ಗಂಟು. ಅವ್ವ ಸಾಲಿಗೆ ಕಳಿಸುವಾಗ ಜಡೆಯ ರಿಬ್ಬನ್ನಿಗೆ ಹಾಕುವ ಹೂಗಂಟು. ಎರಡೂ ಎಸಳು ಸಮನಾಗಿ ಬಂದವು. ಚೆಂದ ಕಾಣುತ್ತದೆ ಎಂದುಕೊಂಡು ಇಳಿದೆ.

ಚಾದಂಗಡಿ ಬಿಟ್ಟು ಸ್ವಲ್ಪ ಹೊತ್ತಾಗಿರಬೇಕು. ಕಬ್ಬಿನ ಹೊಲದ ಪಕ್ಕ ರಸ್ತೆ ಕೆಟ್ಟಿತ್ತು, ಅಪ್ಪ ನಿಧಾನವಾಗಿ ಹೊರಟಿದ್ದ. ಕೆಂಪನೆಯದೊಂದು ನನ್ನ ಕಣ್ಣೆದುರು ಹಾರಿ ಹೊಲದ ಬದುವಿಗೆ ಬಿತ್ತು. ಅದು ಟೊಪ್ಪಿಗೆ ಎಂದು ನನಗೆ ಆ ಕ್ಷಣವೇ ತಿಳಿಯಿತು. ಕಾಕಾನೂ ಕಂಡ. ಏನಾಯಿತೆಂದು ನೋಡಲು ಕತ್ತು ಮೇಲೆತ್ತಿ ಗಾಡಿ ಜೋರು ಮಾಡಿ ನಮ್ಮ ಹತ್ತಿರ ಬಂದ. ನಾನು ಏನೂ ಗೊತ್ತಿಲ್ಲದವಳ ಹಾಗೆ ನಾಲಿಗೆ ಚಾಚಿದೆ.

ಅವನು ಮುಖ ಕಿವುಚಿದ. ಹಲ್ಲು ಕಚ್ಚಿ, ಒಂದು ಕಣ್ಣು ಮುಚ್ಚಿ. ಇಷ್ಟು ಚೆಂದದ ಮುಖ ಅವನು ಅಲ್ಲಿಯತನಕ ಮಾಡಿರಲಿಲ್ಲ. ನಾನು ಬಿದ್ದು ಬಿದ್ದು ನಕ್ಕೆ. ಆಮೇಲೆ ಅವನ ಬಲಗೈ ಹತ್ತಿರ ನನ್ನ ಕೆಂಪು ಬೆಂಡು ಕುಣಿಯುತ್ತಿರುವುದು ಕಂಡಿತು. ಹೆಬ್ಬೆರಳಿನ ಬುಡದಿಂದ ರಕ್ತ ಇಳಿದು ಅಂಗಿಯ ತೋಳಿಗೆ ಹತ್ತುತ್ತಿತ್ತು.

ನಾನು ಹೇಗೋ ಸುತ್ತಿದ್ದ ಮೂರು ಮಾರು ತಂಗೂಸಿ ದಾರ, ಗಟ್ಟಿ ನೈಲಾನಿನದು, ಪೂರ್ತಿ ಬಿಚ್ಚಿಕೊಂಡಿತ್ತು. ಒಂದು ತುದಿ ಜೀಪಿನ ಮೇಲಿನ ಕೋಲಿಗೆ, ಇನ್ನೊಂದು ತುದಿ ಕಾಕಾನ ಕೈಯೊಳಗೆ. ಅದು ಹರಿಯುವ ದಾರವಲ್ಲ. ಅವನು ಬ್ರೇಕ್ ಹಿಡಿದರೆ ಕೈ ಸೀಳುತ್ತದೆ, ಇಲ್ಲವೇ ಅವನನ್ನೇ ಎಳೆದು ಕೆಡವುತ್ತದೆ. ಹೀಗಾಗಿ ಅವನು ನಮ್ಮಷ್ಟೇ ಜೋರಾಗಿ ಬರಲೇಬೇಕು. ಎಡಗೈ ಬಿಟ್ಟು ದಾರ ಹಿಡಿಯಲು ನೋಡಿದ, ಮೊಪೆಡ್ಡು ತಗ್ಗಿನಲ್ಲಿ ಹೊಯ್ದಾಡಿತು, ಮತ್ತೆ ಹ್ಯಾಂಡಲ್ ಹಿಡಿದ. ಅಪ್ಪನ ಹೆಸರು ಹಿಡಿದು ಎರಡು ಸಲ ಕೂಗಿದ. ಜೀಪಿನ ಸದ್ದು ಒಂದು, ಟೇಪ್ ರಿಕಾರ್ಡರಿನ ಹಾಡು ಇನ್ನೊಂದು. ಅಪ್ಪ ಅದರ ಜೊತೆ ತಾನೂ ಹಾಡುತ್ತಿದ್ದ.

ಆಗ ಕಾಕಾ ಕೂಗುವುದನ್ನು ಬಿಟ್ಟು ನನ್ನನ್ನು ನೋಡಿದ. ಅವನ ತುಟಿಯ ಮೇಲೆ ಒಂದೇ ಮಾತು ಇತ್ತು, ನನಗೆ ಸ್ಪಷ್ಟವಾಗಿ ಓದಲು ಬಂತು.

"ಹೇಳು."

ನಾನು ಹೇಳಲಿಲ್ಲ.

ಸಣ್ಣ ಸೇತುವೆ ದಾಟಿತು. ಕಬ್ಬು ಮುಗಿದು ಭತ್ತದ ಗದ್ದೆ ಬಂತು. ಹೇಳಿದರೆ ಅಪ್ಪ ಇಳಿದು ಮೇಲೆ ನೋಡುತ್ತಾನೆ, ಟೊಪ್ಪಿಗೆ ಯಾರು ಬಿಚ್ಚಿದರು ಎಂದು ಕೇಳುತ್ತಾನೆ, ಇದೇ ಕಡೆಯ ರವಿವಾರ. ಆಯಿ ಬಾಗಿಲಲ್ಲಿ ನಿಂತು ನಗುತ್ತಾಳೆ. ನನ್ನ ತಲೆಯಲ್ಲಿ ಅದೇ ಸುತ್ತುತ್ತಿತ್ತು. ಕಾಕಾನ ಕೈಗಿಂತ ನನ್ನ ರವಿವಾರ ನನಗೆ ದೊಡ್ಡದಾಗಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಇದ್ದದ್ದು ಹೀಗೆಯೇ. ಅವನು ಕಣ್ಣು ತೆಗೆಯದೆ ನನ್ನನ್ನೇ ನೋಡುತ್ತ ಬರುತ್ತಿದ್ದ. ನಾನು ಒಮ್ಮೆ ಮುಖ ತಿರುಗಿಸಿ ಗದ್ದೆಯ ಕಡೆಗೂ ನೋಡಿದೆ.

ಮುಂದೆ ಹೊಸದಾಗಿ ಡಾಂಬರು ಹಾಕಿದ ರಸ್ತೆ ಬಂತು. ಅಪ್ಪ ಗೇರ್ ಬದಲಿಸಿದ ಸದ್ದು ಕೇಳಿತು. ಜೋತುಬಿದ್ದಿದ್ದ ದಾರ ಮೇಲೇಳತೊಡಗಿತು. ಕಾಕಾ ಹ್ಯಾಂಡಲಿನ ಮೇಲೆ ಪೂರ್ತಿ ಬಾಗಿದ, ಮೊಪೆಡ್ಡು ಕಿರುಗುಟ್ಟಿತು. ಆ ಹಳೆಯ ಗಾಡಿಯಲ್ಲಿ ಇನ್ನು ಜೋರು ಉಳಿದಿರಲಿಲ್ಲ. ದಾರ ಇನ್ನೊಂದು ಗೇಣು ಎದ್ದಿತು. ಆಗ ನನ್ನ ಬಾಯಿ ತೆರೆಯಿತು. ತೆರೆದು ಬಂದದ್ದು ಸುಳ್ಳು.

"ಅಪ್ಪಾ, ವಾಂತಿ ಬರಾಕತ್ತೈತಿ. ಸಾವಕಾಶ ನಿಲ್ಲಸು."

ನಿಲ್ಲಿಸಿದ ಮೇಲೆ ಕಾಕಾನೇ ಏನಾದರೂ ಮಾಡಿಕೊಳ್ಳಲಿ, ನನ್ನ ಹೆಸರು ಮಾತ್ರ ಬರದಿರಲಿ ಎಂಬುದು ಆ ಸುಳ್ಳಿನ ಹಿಂದಿನ ಲೆಕ್ಕ. ಅಪ್ಪ ಹಿಂದಿನ ದಿನವಷ್ಟೇ ಸೀಟು ತೊಳೆದಿದ್ದ. ಭಜಿ ತಿನ್ನಬೇಡ ಎಂದರೆ ಕೇಳಲಿಲ್ಲ ಎಂದು ಬೈಯುತ್ತ, ಜೀಪು ಅಲುಗಾಡಿ ನನಗೆ ಇನ್ನಷ್ಟು ತೊಳಸದಿರಲೆಂದು ಕಾಲು ಸಡಿಲಿಸಿ ಮೆಲ್ಲಗೆ ಬದಿಗೆ ತಂದ. ದಾರ ಮತ್ತೆ ಜೋತುಬಿತ್ತು. ಕಾಕಾ ಜೀಪಿನ ಬೆನ್ನಿಗೇ ಬಂದು ನಿಂತ, ಮೊಪೆಡ್ಡು ಕೈಬಿಟ್ಟು ಕೆಳಗೆ ಬಿತ್ತು, ಅವನು ನೆಲದ ಮೇಲೆ ಕೂತುಬಿಟ್ಟ.

ನೀರಿನ ತಂಬಿಗೆ ಹಿಡಿದು, ವಾಂತಿ ಆಯಿತೇನು ಎಂದು ಕೂಗುತ್ತ ಹಿಂದೆ ಬಂದ ಅಪ್ಪನ ಮುಖ ನಾನು ಮರೆತಿಲ್ಲ. ತಂಬಿಗೆ ಅಲ್ಲೇ ಬಿಟ್ಟು, ಸೀಟಿನ ಕೆಳಗಿನಿಂದ ಇಕ್ಕಳ ತಂದು ದಾರ ಕತ್ತರಿಸಿದ. ಕೊಕ್ಕೆಗೆ ಹಿಂಮುಳ್ಳು ಇರುವುದರಿಂದ ಅದನ್ನು ಕೀಳಲು ಹೋಗಲಿಲ್ಲ. ಹೇಗಾಯಿತು, ಯಾವಾಗಿನಿಂದ ಹೀಗೆ ಬಂದೆ ಎಂದು ಕೇಳುತ್ತ ಕಾಕಾನ ಕೈಗೆ ತನ್ನ ಟವೆಲ್ಲು ಸುತ್ತಿದ. ನಾನು ಜೀಪಿನಿಂದ ಇಳಿಯಲೇ ಇಲ್ಲ.

ಕಾಕಾ ಉಸಿರು ತೆಗೆದುಕೊಂಡು ಹೇಳಿದ.

"ಗಂಟ ನಾನ ಸಡ್ಲ ಬಿಟ್ಟಿದ್ನೆಪಾ. ಹುಡಿಗಿ ಶ್ಯಾಣ್ಯಾ ಅದಾಳ, ಈರಣ್ಣ. ಆಕಿ ಚೀರಿದ್ರ ನೀ ಗಕ್ಕನ ಬ್ರೇಕ್ ಹಾಕತಿದ್ದಿ, ನಾ ಬಂದು ಜೀಪಿಗೆ ಬಡಿತಿದ್ದೆ. ವಾಂತಿ ಅಂತ ಸುಳ್ಳ ಹೇಳಿ ಸಾವಕಾಶ ನಿಲ್ಲಿಸಿದ್ಲು ನೋಡು."

ಅಪ್ಪ ನನ್ನ ಕಡೆ ತಿರುಗಿ ನೋಡಿದ. ಅಂಥ ನೋಟಕ್ಕಾಗಿ ನಾನು ಎಷ್ಟೋ ಸಲ ಪಾಟಿಯ ಮೇಲೆ ನೂರಕ್ಕೆ ನೂರು ಬರೆಸಿಕೊಂಡು ಬಂದಿದ್ದೆ, ಸಿಕ್ಕಿರಲಿಲ್ಲ. ನನ್ನ ತಲೆ ಸವರಿದ. ನನಗೆ ಆಗ ನಿಜಕ್ಕೂ ವಾಂತಿ ಬಂತು.

ಬಾಯಿ ತೊಳೆದ ಮೇಲೆ ಕಾಕಾ ನನ್ನನ್ನೇ ಕರೆದು, ಹಿಂದೆ ಟೊಪ್ಪಿಗೆ ಬಿದ್ದಿದೆ, ಓಡಿ ಹೋಗಿ ತಾ ಎಂದ. ಅಪ್ಪ ತಾನು ಹೋಗುತ್ತೇನೆ ಎಂದರೂ ಬಿಡಲಿಲ್ಲ. ಸೇತುವೆ ದಾಟಿ ಕಬ್ಬಿನ ಬದುವಿನ ತನಕ ಓಡಿದೆ. ಓಡಿದಷ್ಟೂ ದೂರವಿತ್ತು. ನಾನು ಎಷ್ಟು ದೂರ ಸುಮ್ಮನೆ ಕೂತು ಬಂದಿದ್ದೆ ಎಂಬುದು ಆ ದಾರಿಯಲ್ಲೇ ತಿಳಿದದ್ದು. ಟೊಪ್ಪಿಗೆ ಇಡಿಯಾಗಿ ಜಾರಿ ಬಿದ್ದಿತ್ತು. ಲಾಡಿಯ ಮೇಲೆ ನನ್ನ ಹೂಗಂಟು ಹಾಗೆಯೇ, ಎರಡೂ ಎಸಳು ಸಮನಾಗಿ. ಸುತ್ತ ಯಾರೂ ಇಲ್ಲದ್ದು ನೋಡಿ ಬಿಚ್ಚಿದೆ. ಲಾಡಿಯನ್ನು ತೊಡೆಯ ಮೇಲಿಟ್ಟು ತಿಕ್ಕಿ ತಿಕ್ಕಿ ನೆಟ್ಟಗೆ ಮಾಡಿ ತಂದೆ. ಕಾಕಾ ಎಡಗೈಯಲ್ಲಿ ಇಸಿದುಕೊಂಡ. ಬಟ್ಟೆಯ ಮಡಿಕೆಗಳ ಜೊತೆಗೇ ಬದುಕಿದ ಮನುಷ್ಯ, ಲಾಡಿಯ ಮೇಲೆ ಒಮ್ಮೆ ಬೆರಳಾಡಿಸಿದ, ನನ್ನ ಜಡೆಯ ಕಡೆ ನೋಡಿದ, ಟೊಪ್ಪಿಗೆಯನ್ನು ಜೇಬಿಗೆ ಹಾಕಿಕೊಂಡ.

ಕಲಘಟಗಿಗೆ ಹಿಂತಿರುಗಿ ಡಾಕ್ಟರು ಕೊಕ್ಕೆ ತೆಗೆದು ಹೊಲಿಗೆ ಹಾಕಿದರು. ಗಾಯ ಮಾಯಿತು. ಒಳಗೆ ಯಾವುದೋ ನರ ಹರಿದಿತ್ತಂತೆ, ಹೆಬ್ಬೆರಳಿನ ತುದಿಗೆ ಸ್ಪರ್ಶ ಮಾತ್ರ ಮರಳಿ ಬರಲಿಲ್ಲ. ಮಷಿನ್ ತುಳಿಯಲು ಅಡ್ಡಿಯಿರಲಿಲ್ಲ. ಆದರೆ ಸೂಜಿ ಹಿಡಿದರೆ ಬೆರಳಿಗೆ ತಿಳಿಯುತ್ತಿರಲಿಲ್ಲ. ಕೈಯಿಂದ ಗುಂಡಿಯ ಕಾಜಾ ತೆಗೆಯುವುದರಲ್ಲಿ ಹೆಸರಾದವನು ಆ ಕೆಲಸವನ್ನು ಬೇರೆಯವರಿಗೆ ಕೊಡಬೇಕಾಯಿತು. ಉಳಿದ ಸಣ್ಣಪುಟ್ಟ ಕೈಹೊಲಿಗೆಗೆ ಸೂಜಿ ಪೋಣಿಸಲು ನಾನು ದಿನಾ ಸಾಲಿ ಬಿಟ್ಟ ಮೇಲೆ ಹೋಗತೊಡಗಿದೆ. ಹತ್ತು ಸೂಜಿ ಪೋಣಿಸಿ ಗೋಡೆಗೆ ತೂಗುಹಾಕಿದ ಅರಿವೆಗೆ ಸಾಲಾಗಿ ಚುಚ್ಚಿ ಬರುತ್ತಿದ್ದೆ. ಹುಡುಗಿಗೆ ಎಷ್ಟು ಅಂತಃಕರಣ ಎಂದು ಓಣಿಯವರು ಹೊಗಳಿದರು. ಅಪ್ಪ ಜೀಪಿನಲ್ಲಿ ಹತ್ತಿದವರಿಗೆಲ್ಲ ನನ್ನ ಜಾಣತನದ ಕತೆ ಹೇಳಿದ. ನನ್ನ ರವಿವಾರಗಳು ಉಳಿದವು. ಮುಂದಿನ ನಾಲ್ಕು ವರ್ಷ ಒಂದೂ ತಪ್ಪಲಿಲ್ಲ.

ಒಂದು ಸಂಜೆ ತಡೆಯಲಾಗದೆ ಬಾಯಿ ತೆರೆದೆ. ಕಾಕಾ, ಆವತ್ತು ಆ ಲಾಡಿ, ಎಂದಷ್ಟೇ ಅಂದಿದ್ದೆ. ಅವನು ಬಟ್ಟೆಯಿಂದ ತಲೆ ಎತ್ತಲಿಲ್ಲ.

"ದಾರ ಭಾಳ ಉದ್ದ ತಗೊಂಡಿ ನೋಡವಾ. ಸಿಕ್ಕ ಆಗತೈತಿ. ಕಡದ ಪೋಣಸು."

ಕಡಿದು ಪೋಣಿಸಿದೆ. ಮತ್ತೆ ಆ ಮಾತು ತೆಗೆಯಲಿಲ್ಲ.

ಹೋದ ವರ್ಷ ಕಾಕಾ ತೀರಿಕೊಂಡ. ನನ್ನ ಮಗ ಮೊನ್ನೆ ಒಂದು ಗಾಳದ ಕೋಲು ತರಿಸಿದ್ದಾನೆ. ಒಂದರೊಳಗೊಂದು ಸೇರಿ ಮೊಳದುದ್ದ ಆಗುತ್ತದೆ, ಚೈನಿನ ಚೀಲದಲ್ಲಿ ಹಾಕಿ ಕಾರಿನ ಡಿಕ್ಕಿಯಲ್ಲಿ ಇಟ್ಟರೆ ಮುಗಿಯಿತು. ಹಗ್ಗ ಬೇಡ, ಜಮಖಾನೆ ಬೇಡ, ಕತ್ತು ಮೇಲೆತ್ತಿ ಹಿಂದೆ ಬರುವ ಮನುಷ್ಯ ಬೇಡ. ರವಿವಾರ ದೇವಿಕೊಪ್ಪದ ದಾರಿಯಲ್ಲಿ ಹೋಗುವಾಗ ನಾನು ಹಿಂದಿನ ಗಾಜಿನಲ್ಲಿ ನೋಡಿದೆ. ಬರಿ ರಸ್ತೆ ಇತ್ತು. ಮುಂದಿನ ಸೀಟಿನಲ್ಲಿ ಅಪ್ಪ ಮೊಮ್ಮಗನಿಗೆ ಅದೇ ಕತೆ ಹೇಳುತ್ತಿದ್ದ, ನಿಮ್ಮವ್ವ ಆಗ ಎಷ್ಟು ಶಾಣ್ಯಾಳಿದ್ದಳು ಗೊತ್ತೇನು ಎಂದು. ಸಾಕು ಬಿಡಪ್ಪಾ ಎಂದೆ. ಅವನು ಅದನ್ನು ನನ್ನ ಸಂಕೋಚ ಎಂದುಕೊಂಡು ಇನ್ನೂ ಸ್ವಲ್ಪ ಸೇರಿಸಿ ಹೇಳಿದ.

ನಾನು ಬರೆದದ್ದನ್ನೆಲ್ಲ ಅಪ್ಪ ಚಾಳೀಸು ಹಾಕಿಕೊಂಡು, ಪೆನ್ಸಿಲ್ ಹಿಡಿದು, ಒಂದಕ್ಷರ ಬಿಡದೆ ಓದುತ್ತಾನೆ. ಇದನ್ನೂ ಓದುತ್ತಾನೆ.

ಅಪ್ಪಾ, ಕಾಕಾ ಗಂಟು ಸಡಿಲ ಬಿಟ್ಟಿರಲಿಲ್ಲ. ಬಿಚ್ಚಿದವಳು ನಾನು.