ನೈಸೀಯಾದಲ್ಲಿ ಟೆಂಡರ್ ನಡೆದಿರಲಿಲ್ಲ

ಕ್ರಿ.ಶ. 325ರಲ್ಲಿ ರೋಮ್ ಚಕ್ರವರ್ತಿಯ ಕರೆಯ ಮೇಲೆ ಬಿಷಪ್ಪರು ಇಂದಿನ ತುರ್ಕಿಯಲ್ಲಿರುವ ನೈಸೀಯಾ ಪಟ್ಟಣದಲ್ಲಿ ಸಭೆ ಸೇರಿದರು. ಯೇಸು ತಂದೆಯಾದ ದೇವರಿಗೆ ಸಮನೋ, ದೇವರಿಂದ ಸೃಷ್ಟಿಯಾದವನೋ ಎಂಬುದು ಅವರ ಮುಂದಿದ್ದ ಪ್ರಶ್ನೆ. ಸಮನೆಂದು ಹೇಳುವ ವಿಶ್ವಾಸ ಪ್ರಮಾಣಕ್ಕೆ ಬಹುತೇಕ ಎಲ್ಲರೂ ಸಹಿ ಹಾಕಿದರು. ಹಾಕದ ಇಬ್ಬರು ಬಿಷಪ್ಪರು ಗಡೀಪಾರಾದರು.

ಇಷ್ಟನ್ನೇ ಬರೆದಿದ್ದರೆ ಸಾಕಿತ್ತು. 2000ದ ದಶಕದ ನಡುವಿನ ಒಂದು ಡಿಸೆಂಬರಿನಲ್ಲಿ, ಹಾವೇರಿಯಲ್ಲಿ ಪತ್ರಿಕೆಯೊಂದರ ವರದಿಗಾರನಾಗಿದ್ದಾಗ, ಭಾನುವಾರದ ಪುರವಣಿಗೆ ಆ ಸಭೆಯ ಬಗ್ಗೆ ಲೇಖನ ಬರೆದೆ. ವಾರದಲ್ಲಿ ಎರಡು ದಿನ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಹೋಗುತ್ತಿದ್ದೆ. ಅಲ್ಲಿ ವರ್ತಕರು ಪ್ರತಿ ರಾಶಿಗೂ ದರ ಬರೆದು ಚೀಟಿ ಹಾಕುತ್ತಾರೆ. ಹೆಚ್ಚು ಬರೆದವನಿಗೆ ರಾಶಿ. ನೂರಾರು ಜನ ಕೂಡಿ ಒಂದು ತೀರ್ಮಾನಕ್ಕೆ ಬರುವುದೆಂದರೆ ನನ್ನ ಕಣ್ಣಮುಂದೆ ಬರುತ್ತಿದ್ದುದು ಅದೇ. ಬ್ಯಾಡಗಿಯ ಟೆಂಡರಿನಂತೆ ಬಿಷಪ್ಪರು ಚೀಟಿ ಹಾಕಿದರು, ಯೇಸು ದೇವರೆಂದು ಸಂಜೆಗೆ ಘೋಷಣೆಯಾಯಿತು ಎಂದು ಬರೆದೆ.

ಒಂದು ಸಮುದಾಯದ ವಿಷಯ ಬರೆದರೆ, ಅಚ್ಚಿಗೆ ಮುಂಚೆ ಆ ಸಮುದಾಯದ ಒಬ್ಬರಿಗೆ ಫೋನಿನಲ್ಲಿ ಓದಿ ಹೇಳುವುದು ನಮ್ಮ ಕಚೇರಿಯ ರೂಢಿ. ಮಠದ ಸುದ್ದಿಗೂ ದರ್ಗಾದ ಸುದ್ದಿಗೂ ಇದನ್ನು ತಪ್ಪಿಸಿದವನಲ್ಲ. ಸಾವಿರದ ಆರುನೂರು ವರ್ಷಕ್ಕೂ ಹಿಂದಿನದನ್ನು ಯಾರಿಗೆ ಓದಿ ಹೇಳುವುದು ಎಂದು ಈ ಸಲ ಬಿಟ್ಟೆ.

ಮೂರನೇ ದಿನ ರಾಣೆಬೆನ್ನೂರಿನಿಂದ ನಿವೃತ್ತ ಶಿಕ್ಷಕಿಯೊಬ್ಬರು ಕಚೇರಿಗೆ ಬಂದರು. ಊರು ಅವರನ್ನು ಅಕ್ಕೋರು ಎನ್ನುತ್ತಿತ್ತು. ಅಲ್ಲಿಯ ಚರ್ಚಿನಲ್ಲಿ ಎಳೆಯರನ್ನು ದೃಢೀಕರಣಕ್ಕೆ, ಅಂದರೆ ಚರ್ಚಿನ ಪೂರ್ಣ ಸದಸ್ಯರಾಗುವ ಸಂಸ್ಕಾರಕ್ಕೆ, ಸಿದ್ಧಪಡಿಸುವವರು ಅವರೇ.

"ನಮ್ಮ ದೇವರನ್ನ ಬ್ಯಾಡಗಿ ಯಾರ್ಡಿನ್ಯಾಗ ಟೆಂಡರಿಗೆ ಇಟ್ಟೀರಲ್ರೀ, ಕ್ವಿಂಟಲಿಗೆ ಎಷ್ಟಕ್ಕ ಹೋದಾ?"

"ಓದೋರಿಗೆ ತಿಳೀಲಿ ಅಂತ ಬರದೇನ್ರಿ, ಅಕ್ಕೋರ."

"ಭಾಳ ಚೊಲೋ ತಿಳದೈತ್ರಿ. ನನ್ನ ಕ್ಲಾಸಿನ ಒಬ್ಬಾಕಿ, ಚೀಟಿ ಹಾಕಿ ಮಾಡಿದ ಪ್ರಮಾಣ ನಾ ಹೇಳಂಗಿಲ್ಲ ಅಂತ ಕುಂತಾಳ."

ಆಕೆ ಬ್ಯಾಡಗಿಯ ಕಾಲೇಜು ವಿದ್ಯಾರ್ಥಿನಿ, ಮಾರುಕಟ್ಟೆಯ ಗುಮಾಸ್ತರೊಬ್ಬರ ಮಗಳು. ಬರುವ ಭಾನುವಾರ ದೃಢೀಕರಣಕ್ಕೆ ಬಿಷಪ್ಪರು ಬರುವವರಿದ್ದರು; ಅವರ ಮುಂದೆ ನೈಸೀಯಾದ ಆ ಪ್ರಮಾಣ ಹೇಳದವರಿಗೆ ದೃಢೀಕರಣವಿಲ್ಲ. ಅವರು ಆ ಚರ್ಚಿಗೆ ಬರುವುದು ಎರಡು ವರ್ಷಕ್ಕೊಮ್ಮೆ.

ಅಕ್ಕೋರು ತಂದಿದ್ದ ಇತಿಹಾಸದ ಪುಸ್ತಕವನ್ನು ಅಲ್ಲೇ ಓದಿದೆ. ನೈಸೀಯಾದಲ್ಲಿ ಚೀಟಿ ಹಾಕಿದ ದಾಖಲೆ ಇರಲಿಲ್ಲ. ಸಭೆ ಒಂದೇ ದಿನಕ್ಕೆ ಮುಗಿದಿರಲಿಲ್ಲ. ಜಗಳವಂತೂ ಸಭೆ ಮುಗಿದ ಮೇಲೂ ನಡೆದಿತ್ತು. ಮುಂದೆ ಬಂದ ಚಕ್ರವರ್ತಿಗಳಲ್ಲಿ ಕೆಲವರು ಎದುರು ಪಕ್ಷಕ್ಕೆ ಒಲಿದರು. 381ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಮತ್ತೊಂದು ಸಭೆ ಸೇರಿ ನೈಸೀಯಾದ ಮಾತನ್ನೇ ಗಟ್ಟಿ ಮಾಡಿತು. ಚರ್ಚುಗಳಲ್ಲಿ ಈಗ ಹೇಳುವ ಪ್ರಮಾಣದ ಪಾಠ ಆ ಎರಡನೆಯ ಸಭೆಯದೆಂದು ಪರಂಪರೆ ಹೇಳುತ್ತದೆ. ತಿದ್ದುಪಡಿ ಬರೆದು, ಅಕ್ಕೋರಿಗೆ ಓದಿ ಹೇಳಿ, ಶನಿವಾರದ ಪತ್ರಿಕೆಗೆ ಕೊಟ್ಟೆ.

ಶನಿವಾರ ಸಂಜೆ ಅವರ ಕ್ಲಾಸಿಗೆ ನಾನೇ ಹೋದೆ. ಹುಡುಗಿ ತಿದ್ದುಪಡಿಯನ್ನು ಎರಡು ಸಲ ಓದಿದಳು.

"ಚೀಟಿ ಅಲ್ಲ, ಸಹಿ. ಆತ್ರಿ ಸರ್. ಹಾಕದಿದ್ರ ಊರು ಬಿಡಸ್ತೇವಿ ಅಂದ್ರ ನಮ್ಮಪ್ಪನೂ ಹಾಕ್ತಾನ."

"ನಿಮ್ಮಪ್ಪ ಒಂದು ಚಾ ಕುಡಿಸಿದ್ರೂ ಹಾಕ್ತಾನ ಬಿಡ," ಎಂದು ಪಕ್ಕದವಳು ಅಂದಳು. ಎಲ್ಲರೂ ನಕ್ಕರು.

ಅಕ್ಕೋರು ನಗಲಿಲ್ಲ. "ಬರೇ ಅಂಜಿ ಹಾಕಿದ ಸಹಿ ಆಗಿದ್ರ, ಅರಸ ಬದಲಾದ ಕೂಡಲೇ ಅಳಿಸಿ ಹೋಗಬೇಕಿತ್ತಲ್ಲವ್ವಾ? ಮುಂದಿನ ಅರಸ ಉಲ್ಟಾ ಹೇಳಿದ. ಆವಾಗ ಗಡೀಪಾರಾದೋರು ಯಾರು? ಈ ಮಾತು ಹಿಡದು ಕುಂತೋರು. ಐವತ್ತಾರು ವರ್ಷ ಜಗ್ಗ್ಯಾಡಿ ಉಳದ ಮಾತಿದು."

"ಬಿಷಪ್ಪರಿಗೆ ಐವತ್ತಾರು ವರ್ಷ ಕೊಟ್ಟೀರಿ. ನನಗ ನಾಳೆ ಮುಂಜಾನಿಗೇ ಹೇಳಂತೀರಲ್ರೀ, ಅಕ್ಕೋರ?"

"ಬಿಷಪ್ಪರು ಮತ್ತ ಬರಾಕ ಎರಡು ವರ್ಷ ಆಕ್ಕೈತಿ ನೋಡು," ಎಂದರು ಅಕ್ಕೋರು.

"ಆಗ್ಲಿರಿ."

"ತಗೋ ಹಂಗಾರ. ಖರೇ, ಕ್ಲಾಸು ಬಿಡಂಗಿಲ್ಲ."

ಮರುದಿನ ಆರು ಮಂದಿಗೆ ದೃಢೀಕರಣವಾಯಿತು. ಆಕೆ ಹಿಂದಿನ ಬೆಂಚಿನಲ್ಲಿದ್ದಳು. ಪ್ರಮಾಣ ಹೇಳುವಾಗ ಎಲ್ಲರೊಂದಿಗೆ ಎದ್ದು ನಿಂತಳು, ಬಾಯಿ ತೆರೆಯಲಿಲ್ಲ.

ಎರಡು ವರ್ಷದ ನಂತರ ಬಿಷಪ್ಪರು ಮತ್ತೆ ಬಂದು ಹೋದ ದಿನ ಅಕ್ಕೋರು ಫೋನ್ ಮಾಡಿದರು. ಆ ಸಲ ದೃಢೀಕರಣ ಪಡೆದವರು ನಾಲ್ವರು. ಅವರಲ್ಲಿ ಆಕೆಯೂ ಒಬ್ಬಳು.