ಪಡಸಾಲೆ ತೊಳೆದ ನೀರು

ಹೊರದೇಶದಿಂದ ಸೇವೆ ಮಾಡಲು ಈ ಕಡೆ ಬರುವ ಹುಡುಗ ಹುಡುಗಿಯರಿಗೆ ನಾಲ್ಕು ಬುದ್ಧಿಮಾತು ಬರೆದುಕೊಡಿ ಎಂದು ಅವರನ್ನು ಕಳಿಸುವ ಸಂಸ್ಥೆಯವರು ಕೇಳಿದ್ದಾರೆ. ಹಿಂದೆ ಅಂಥ ಒಬ್ಬಳನ್ನು ಮನೆಯಲ್ಲಿ ಇಟ್ಟುಕೊಂಡಿದ್ದೆ, ಅದಕ್ಕೆ ನನ್ನನ್ನು ಕೇಳಿದ್ದು. ನನ್ನ ಅಕ್ಷರ ಅಷ್ಟಕ್ಕಷ್ಟೆ, ಮೊಮ್ಮಗಳು ತಿದ್ದುತ್ತಾಳೆ. ಮಾತನ್ನು ಮಾತ್ರ ತಿದ್ದಬೇಡ ಎಂದಿದ್ದೇನೆ.

ನೀರು ಕಾಯಿಸಿ ಕುಡಿಯಿರಿ. ಕಾಲುವೆ ನೀರು ತಿಳಿಯಾಗಿ ಕಾಣುತ್ತದೆ, ಅದು ಹರಿದು ಬರುವ ಮೇಲ್ಗಡೆ ಎಮ್ಮೆಗಳು ಬಿದ್ದಿರುತ್ತವೆ. ಬೇಸಿಗೆಯ ಮಧ್ಯಾಹ್ನ ತಿರುಗಬೇಡಿ, ನಾವೇ ತಿರುಗುವುದಿಲ್ಲ. ರೊಟ್ಟಿ ಗಂಟಲಲ್ಲಿ ಇಳಿಯದಿದ್ದರೆ ಪುಂಡಿಪಲ್ಯದಲ್ಲಿ ಅದ್ದಿ ತಿನ್ನಿ. ಇದನ್ನೆಲ್ಲ ಯಾರಾದರೂ ಹೇಳುತ್ತಾರೆ. ಯಾರೂ ಹೇಳದ ಮಾತು ಒಂದಿದೆ: ಊರಿನಲ್ಲಿ ಯಾರ ಮನೆಯಲ್ಲಿ ಇರುತ್ತೀರಿ, ಅದನ್ನು ನೋಡಿಕೊಂಡು ಇರಿ.

ಕಾಲುವೆಗೆ ಹೊಸದಾಗಿ ನೀರು ಬಿಟ್ಟ ಕಾಲ. ನಮ್ಮೂರು ಸುರಪುರದ ಆಚೆ. ಜೋಳ ಬೆಳೆಯುತ್ತಿದ್ದ ಎರೆಹೊಲಕ್ಕೆ ಭತ್ತ ಬಂತು, ನಮ್ಮ ಕೇರಿಯ ಹೆಂಗಸರಿಗೆ ನಾಟಿ ಹಚ್ಚುವ ಕೂಲಿ ಬಂತು. ನಮ್ಮದು ಬುದ್ಧನ ಪಟ ಇಟ್ಟುಕೊಂಡ ಕೇರಿ. ನಮ್ಮ ಕೊಡದ ನೀರನ್ನು ಊರಿನವರು ಮುಟ್ಟುವುದಿಲ್ಲ. ಹೆಂಗಸರಿಗೆ ಅಕ್ಷರ ಕಲಿಸಲು ಬಂದ ಆ ಹುಡುಗಿ ಮಾತ್ರ ಬಂದವಳೇ ನನ್ನ ಕೊಡ ಬಗ್ಗಿಸಿ ಕುಡಿದಳು. ಅವತ್ತಿನಿಂದ ಅವಳು ನಮ್ಮವಳು ಎಂದುಕೊಂಡೆವು.

ನನಗೆ ಅಕ್ಷರ ಬೇಕಾಗಿದ್ದುದು ಬಸ್ಸಿನ ಬೋರ್ಡು ಓದಲು. ನನ್ನ ತವರು ಯಾದಗಿರಿ ಹತ್ತಿರದ ರಾಮಸಮುದ್ರ. ಅವ್ವ ಹೋದ ಸುದ್ದಿ ಬಂದ ದಿನ ಸುರಪುರದ ಬಸ್ ನಿಲ್ದಾಣದಲ್ಲಿ ಯಾದಗಿರಿ ಬಸ್ಸು ಯಾವುದೆಂದು ಕೇಳಿದೆ. ಬೀಡಿ ಸೇದುತ್ತ ಕೂತಿದ್ದವನೊಬ್ಬ, "ಇದಽ ನೋಡಬೇ, ಲಗೂ ಹತ್ತು" ಎಂದ. ಹತ್ತಿದೆ. ಅದು ಕೊಡೇಕಲ್ ಬಸ್ಸು. ಕಂಡಕ್ಟರ್ ಟಿಕೆಟ್ ಕೇಳುವ ಹೊತ್ತಿಗೆ ಊರು ದಾಟಿತ್ತು. ಇಳಿದು, ನಡೆದು ತಿರುಗಿ ಬಂದು, ಬೇರೆ ಬಸ್ಸು ಹಿಡಿದು ಹೋಗುವಷ್ಟರಲ್ಲಿ ಅವ್ವನ ಮಣ್ಣು ಮುಗಿದಿತ್ತು. ಇನ್ನೊಮ್ಮೆ ಯಾರನ್ನೂ ಕೇಳಬಾರದು ಎಂದು ಆಗಲೇ ಹಟ ಹಿಡಿದೆ.

ಸಂಜೆ ನಾಟಿ ಮುಗಿಸಿ ಬಂದು ನನ್ನ ಅಂಗಳದಲ್ಲಿ ಪಾಟಿ ಹಿಡಿದು ಕೂರುತ್ತಿದ್ದೆವು.

"ನಾಟಿ ಹಚ್ಚಿ ಹಚ್ಚಿ ಕೈಗೆ ರೂಢಿ ಆಗೇದ್ರಿ ಮೇಡಂ, ಅಕ್ಷರಾನೂ ಸಾಲು ಹಿಡದು ಬರ್ತಾವ ನೋಡ್ರಿ" ಎಂದಳು ಒಬ್ಬಳು.

"ನಿನ್ನ ಸಾಲು ಹೊಲದಾಗೂ ಸೊಟ್ಟ, ಪಾಟಿ ಮ್ಯಾಲೂ ಸೊಟ್ಟ" ಎಂದಳು ಪಕ್ಕದವಳು. ಹುಡುಗಿಗೂ ನಗು ತಡೆಯಲಾಗಲಿಲ್ಲ.

ಕಾಗುಣಿತಕ್ಕೆ ಬಂದಾಗ ಅವಳಿಗೆ ಜ್ವರ ಬಂತು. ಗೌಡರ ಮನೆಯ ಗೌಡಸಾನಿ ಆಳು ಕಳಿಸಿದಳು. ಅವರಲ್ಲಿ ಫ್ಯಾನಿತ್ತು, ಬಚ್ಚಲಿತ್ತು. ಹೋಗು ಎಂದು ನಾನೇ ಚಾದರ ಹೊದಿಸಿ ಕಳಿಸಿದೆ. ಜ್ವರ ಇಳಿಯಿತು, ಅವಳು ತಿರುಗಿ ಬರಲಿಲ್ಲ. ಜಾಗ ದೊಡ್ಡದಿದೆ, ಪಾಠವೂ ಇಲ್ಲೇ ಆಗಲಿ ಎಂದು ಹೇಳಿಕಳಿಸಿದಳು.

ಹೋದೆವು. ಮೆಟ್ಟಿಲ ಕೆಳಗೇ ನಿಂತೆವು. "ಮೇಲೆ ಬನ್ನಿ, ಮೇಲೆ ಬನ್ನಿ" ಎಂದು ಹುಡುಗಿ ನನ್ನ ಕೈ ಹಿಡಿದು ಎಳೆದಳು. ಬಾಗಿಲಲ್ಲಿ ನಿಂತಿದ್ದ ಗೌಡಸಾನಿ, "ಬರ್ರಿ, ಬರ್ರಿ. ಆಕಿ ಕರಿಯಾಕತ್ಯಾಳಲ್ಲ" ಎಂದಳು. ಪಡಸಾಲೆ ಹತ್ತಿ ಕೂತೆವು. ಪಾಠ ಮುಗಿಸಿ ಓಣಿಯ ತಿರುವಿಗೆ ಬಂದು ಹಿಂದೆ ನೋಡಿದರೆ, ನಾವು ಕೂತಿದ್ದ ಜಾಗಕ್ಕೆ ಆಳು ಹೆಂಗಸು ಸಗಣಿ ನೀರು ಹೊಡೆಯುತ್ತಿದ್ದಳು.

ಮರುದಿನ ಹುಡುಗಿ ಖುಷಿಯಲ್ಲಿದ್ದಳು. "ಇವರು ಎಷ್ಟು ಸ್ವಚ್ಛ! ಪಾಠ ಮುಗಿದ ಕೂಡಲೇ ಪಡಸಾಲೆ ತೊಳೆಸುತ್ತಾರೆ. ನೀವೂ ಹೀಗೆ ಕಲಿಯಬೇಕು."

"ಹೌದ್ರಿ ಮೇಡಂ, ಭಾಳ ಸ್ವಚ್ಛ" ಎಂದಳು ಸೊಟ್ಟ ಸಾಲಿನವಳು. ಪಾಟಿ ಸೆರಗಿನಲ್ಲಿ ಸುತ್ತಿಕೊಂಡು ಎದ್ದು ಹೋದಳು.

ಹುಡುಗಿಯನ್ನು ಕಾಲುವೆ ದಂಡೆಗೆ ಕರೆದೊಯ್ದು ಹೇಳಿದೆ. "ಅದು ಧೂಳ ತೊಳಿಯೂದಲ್ಲವ್ವಾ, ನಮ್ಮನ್ನ ತೊಳಿಯೂದು. ನಾಳಿಂದ ನಮ್ಮ ಅಂಗಳಕ್ಕ ಬಾ."

"ಹಾಗೆ ಅನ್ನಬೇಡಿ ಅವ್ವಾ. ಜ್ವರದಲ್ಲಿ ಅವರು ನನಗೆ ಗಂಜಿ ಕುಡಿಸಿದ್ದಾರೆ. ಒಳ್ಳೆಯವರು."

"ಅದಕ್ಕಿಂತ ಮೊದಲ ಕುಡಿಸಿದವರು ಯಾರು?"

ಹುಡುಗಿ ದಂಡೆಯಿಂದ ಎದ್ದು ನಡೆದಳು. ಹೋಗಿ ಗೌಡಸಾನಿಯನ್ನೇ ಕೇಳಿದಳಂತೆ. ಸಂಜೆಗೆ ದೀಪ ಹಚ್ಚುವ ಮೊದಲು ಯಾರ ಮನೆಯಲ್ಲಾದರೂ ಸಾರಿಸುತ್ತಾರೆ ಎಂದಳಂತೆ ಅವಳು. ಹುಡುಗಿ ನಂಬಿದಳು. ಉಂಡ ಮನೆಯ ಮಾತನ್ನು ನಂಬುವುದು ಸುಲಭ.

ಒಬ್ಬೊಬ್ಬರೇ ಬಿಟ್ಟರು. ಒಬ್ಬಳಿಗೆ ಸೊಂಟನೋವು, ಒಬ್ಬಳಿಗೆ ಕೂಸು ಅಳುತ್ತದೆ. ನಾನು ನೆಪ ಹೇಳಲಿಲ್ಲ, ಹೋಗಲಿಲ್ಲ ಅಷ್ಟೆ. ಈ ಹೆಂಗಸರಿಗೆ ಕಲಿಯುವ ಆಸೆಯಿಲ್ಲ ಎಂದು ಅವಳು ತನ್ನ ಮೇಲಿನವರಿಗೆ ತಿಳಿಸಿದಳು. ಭತ್ತ ಕೊಯ್ಯುವ ಮೊದಲೇ ಹೊರಟಳು. ಹೊರಡುವ ದಿನ ನನ್ನ ಬಾಗಿಲಿಗೆ ಬಂದು, "ನೀವೂ ಬಿಟ್ಟಿರಲ್ಲ ಅವ್ವಾ" ಎಂದು ಅತ್ತಳು. ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ ಕಟ್ಟಿ ಕೊಟ್ಟೆ. ನನಗೇನೂ ಅಳು ಬರಲಿಲ್ಲ.

ಬರುವವರೇ, ಫ್ಯಾನಿನ ಮನೆಗೆ ಹೋಗಬೇಡಿ ಎನ್ನುವುದಿಲ್ಲ. ಜ್ವರ ಯಾರನ್ನೂ ಬಿಡುವುದಿಲ್ಲ. ಜ್ವರ ಇಳಿದ ಮೇಲೆ ತಿರುಗಿ ಬನ್ನಿ. ಬರಲು ಆಗದಿದ್ದರೆ, ನಾವು ಕಲಿಯಲಿಲ್ಲ ಎಂದು ಹೇಳಿ ಹೋಗಬೇಡಿ.

ಮೊಮ್ಮಗಳು ದೊಡ್ಡವಳಾಗಿ ನನಗೆ ಉಳಿದ ಅಕ್ಷರ ಕಲಿಸುವವರೆಗೂ, ಸುರಪುರದ ಬಸ್ ನಿಲ್ದಾಣದಲ್ಲಿ ಬೀಡಿ ಸೇದುವವರ ಮುಂದೆ ನಿಂತು ಕೇಳುತ್ತಲೇ ಇದ್ದೆ: "ಯಪ್ಪಾ, ಇದು ಯಾವೂರ ಬಸ್ ರೀ?"