ಪಾಲಾದ ಹಗ್ಗ

ಮನೆಯ ನಲ್ಲಿಯಲ್ಲಿ ಒಂದು ದಿನ ನೀರು ನಿಂತರೆ ಸಾಕು, ನನ್ನ ಮೊಮ್ಮಗಳು ತಲೆಯ ಮೇಲೆ ಕೈ ಹೊತ್ತು ಕೂರುತ್ತಾಳೆ. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮ ಕಾಲದಲ್ಲಿ ಎಷ್ಟು ಕಷ್ಟ ಇತ್ತಲ್ವಾ ಅಜ್ಜಿ?" ಅನ್ನುತ್ತಾಳೆ. ಅವಳ ಕನಿಕರ ಕಂಡರೆ ನನಗೆ ರೇಗುತ್ತದೆ.

ಅವಳು ಕೇಳುವುದು ನಲ್ಲಿ, ದೀಪ, ಬಚ್ಚಲುಮನೆಯ ವಿಷಯ. ಅವು ಇರಲಿಲ್ಲ, ನಿಜ. ಮಧುಗಿರಿಯ ಬೆಟ್ಟ ಕಣ್ಣಿಗೆ ಕಾಣುವಷ್ಟು ದೂರದಲ್ಲಿ, ಊರಿಂದಾಚೆ ಹೊಲದಲ್ಲಿ ನಮ್ಮ ಮನೆ. ಯುದ್ಧದ ಕಾಲ, ಸೀಮೆಎಣ್ಣೆ ಸಿಗುತ್ತಿರಲಿಲ್ಲ. ಹೊತ್ತು ಮುಳುಗುವುದರೊಳಗೆ ಉಂಡು ಮಲಗುತ್ತಿದ್ದೆವು. ಹಿತ್ತಲಲ್ಲಿ ನಾಲ್ಕು ತಡಿಕೆ ನಿಲ್ಲಿಸಿದರೆ ಅದೇ ಬಚ್ಚಲು. ಇದನ್ನೆಲ್ಲ ಕಷ್ಟ ಎಂದು ಕರೆಯಬೇಕೆಂದು ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕಷ್ಟ ಯಾವುದೆಂದು ಅವಳಿಗೆ ಹೇಳಹೊರಟರೆ ಹಗ್ಗದ ವಿಷಯ ಹೇಳಬೇಕಾಗುತ್ತದೆ.

ನಾನು ಮದುವೆಯಾಗಿ ಬಂದಾಗ ಆ ಮನೆಯಲ್ಲಿ ಇದ್ದವರು ನನ್ನ ಗಂಡ, ಅವರ ಅಣ್ಣ, ಅಣ್ಣನ ಹೆಂಡತಿ. ಅವಳನ್ನು ಅಕ್ಕ ಎನ್ನುತ್ತಿದ್ದೆ. ಅವಳಿಗೆ ಮಕ್ಕಳಿರಲಿಲ್ಲ. ಮುದ್ದೆ ಕಟ್ಟುವುದರಿಂದ ಹಿಡಿದು ಅಳು ನುಂಗುವುದರ ತನಕ ಎಲ್ಲವನ್ನೂ ಕಲಿಸಿದವಳು ಅವಳೇ. ನನ್ನ ಗಂಡ ಕಡಲೆಕಾಯಿ ಗಾಡಿ ಹೊಡೆದುಕೊಂಡು ಶಿರಾಕ್ಕೆ ಹೋದರೆ ಬರುವುದು ಯಾವಾಗಲೋ. ಮನೆಯಲ್ಲಿದ್ದರೂ ಮಾತು ಕಡಿಮೆ.

ಅಣ್ಣ ತಮ್ಮಂದಿರು ಬದುವಿನ ವಿಷಯಕ್ಕೋ ಎತ್ತಿನ ವಿಷಯಕ್ಕೋ ಮುನಿಸಿಕೊಂಡು ಬೇರೆಯಾದರು. ಭಾವ ಹೊಲದ ಆ ತುದಿಯಲ್ಲಿ ಮನೆ ಕಟ್ಟಿಕೊಂಡರು. ಪಾತ್ರೆ, ಒನಕೆ, ಮಂಕರಿ ಎಲ್ಲ ಪಾಲಾದವು. ಬಾವಿಯನ್ನು ಕಡಿಯುವುದಕ್ಕೆ ಆಗದ್ದರಿಂದ ಅದು ಇಬ್ಬರಿಗೂ ಉಳಿಯಿತು. ಸೇದುವ ಹಗ್ಗವನ್ನು ಕಡಿಯಬಹುದಾಗಿತ್ತು. ಪಾಲು ಮಾಡಲು ಬಂದ ಹಿರಿಯರು ಅಳೆದು ನೋಡಿ ಸರಿಯಾಗಿ ನಡುವಿಗೆ ಮಚ್ಚು ಹಾಕಿದರು. ಒಬ್ಬರಿಗೆ ಒಂದು ಗೇಣು ಹೆಚ್ಚಾಗಬಾರದಲ್ಲ! ಕೊನೆಗೆ ಇಬ್ಬರು ಗಂಡಸರೂ ತಂತಮ್ಮ ಹೆಂಡಿರಿಂದ ಆಣೆ ಹಾಕಿಸಿದರು, ಆ ಮನೆಯವಳ ಜೊತೆ ಮಾತಾಡಕೂಡದೆಂದು.

ಆಗ ಮಳೆಗಾಲ. ಬಾವಿ ತುಂಬಿತ್ತು, ಅರ್ಧ ಹಗ್ಗವೂ ಧಾರಾಳವಾಗಿ ಎಟುಕುತ್ತಿತ್ತು. ಶಿವರಾತ್ರಿ ಕಳೆದ ಮೇಲೆ ನೀರು ಕೆಳಗಿಳಿಯಿತು. ನನ್ನ ಬಿಂದಿಗೆ ನೀರು ಮುಟ್ಟದೆ ನೇತಾಡಿತು, ಅಕ್ಕನದೂ ಅಷ್ಟೇ. ಸಂತೆಯಿಂದ ಹೊಸ ಹಗ್ಗ ತಂದರೆ ತನ್ನ ಪಾಲು ಸಾಲಲಿಲ್ಲವೆಂದು ಒಪ್ಪಿಕೊಂಡಂತಾಗುತ್ತದೆ ಎಂದು ಗಂಡಸರಿಬ್ಬರೂ ಬಿಗಿದುಕೊಂಡು ಕೂತರು. ಮನೆಯಲ್ಲೇ ಹೊಸೆಯೋಣವೆಂದರೆ ನಾರಿಗಾಗಿ ಕತ್ತಾಳೆ ಕೊಳೆಹಾಕುವುದಕ್ಕೆ ಕೆರೆಯಲ್ಲಿ ನೀರಿಲ್ಲ. ನೀರು ಸೇದುವವರು ಅವರಲ್ಲವಲ್ಲ, ಅವರಿಗೇನು?

ಒಂದು ಬೆಳಗ್ಗೆ ಅಕ್ಕ ಮಾತಿಲ್ಲದೆ ಬಂದು ತನ್ನ ಹಗ್ಗದ ತುದಿಯನ್ನು ನನ್ನ ಹಗ್ಗಕ್ಕೆ ಗಂಟು ಹಾಕಿದಳು. ಅಂದಿನಿಂದ ಗಂಡಸರು ಏಳುವ ಮೊದಲೇ ಇಬ್ಬರೂ ಬಾವಿಗೆ ಬರುತ್ತಿದ್ದೆವು. ನಡುವಿನ ಗಂಟು ರಾಟೆಯ ಬಳಿ ಬಂದು ಸಿಕ್ಕಿಕೊಳ್ಳುತ್ತಿತ್ತು. ಒಬ್ಬಳು ಹಗ್ಗವನ್ನು ಬಿಗಿಯಾಗಿ ಹಿಡಿದುಕೊಂಡರೆ ಇನ್ನೊಬ್ಬಳು ಕೈ ಚಾಚಿ ಗಂಟನ್ನು ಎತ್ತಿ ರಾಟೆ ದಾಟಿಸಬೇಕು. ಬಿಂದಿಗೆ ಇಳಿಯುವಾಗಲೂ ಹಾಗೆ, ಏರುವಾಗಲೂ ಹಾಗೆ. ನೀರಾದ ಮೇಲೆ ಗಂಟು ಬಿಚ್ಚಿ ಅವರವರ ಹಗ್ಗ ಅವರವರ ಮನೆಗೆ, ಇಲ್ಲದಿದ್ದರೆ ಗುಟ್ಟು ರಟ್ಟಾಗುತ್ತದೆ. ನೆನೆದ ಗಂಟು ಕಲ್ಲಿನಂತೆ ಕೂತಿರುತ್ತಿತ್ತು. ಅಕ್ಕ ಅದನ್ನು ಹಲ್ಲಿನಲ್ಲಿ ಕಚ್ಚಿ ಬಿಚ್ಚುತ್ತಿದ್ದಳು.

ಆಣೆಯನ್ನು ಇಬ್ಬರೂ ಮುರಿಯಲಿಲ್ಲ. ಬಿಂದಿಗೆಯ ಜೊತೆ ಮಾತಾಡಬಾರದೆಂದು ಮಾತ್ರ ಯಾರೂ ಆಣೆ ಹಾಕಿಸಿರಲಿಲ್ಲ.

"ಲೇ ಬಿಂದಿಗೆ, ನಿನ್ನೆ ಸಾರಿಗೆ ಎರಡ್ಸಲ ಉಪ್ಪು ಹಾಕ್ಬುಟ್ಟೆ ಕಣೆ. ನಮ್ಮನೆಯೋರು ಬಾಯ್ಮುಚ್ಕಂಡು ಉಂಡ್ರು" ಎನ್ನುತ್ತಿದ್ದಳು ಅಕ್ಕ.

"ನಮ್ಮನೇಲಾಗಿದ್ರೆ ತಟ್ಟೇನೇ ಎಸೀತಿದ್ರು ಅಂತ ಹೇಳೆ ಬಿಂದಿಗೆ" ಎನ್ನುತ್ತಿದ್ದೆ ನಾನು.

ಬಿಂದಿಗೆಯನ್ನೇ ನೋಡುತ್ತ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದೆವು. ಇಡೀ ದಿನದಲ್ಲಿ ನನಗೆ ಮಾತು ಎನ್ನುವಂಥದು ಇದ್ದದ್ದು ಅಷ್ಟೇ. ಮಳೆ ಬಂದು ಬಾವಿ ತುಂಬಿಬಿಟ್ಟರೆ ಅದೂ ಹೋಗುತ್ತದಲ್ಲ ಎಂದು ಹೆದರಿಕೆ. ಊರೆಲ್ಲ ಮಳೆಗೆ ಬಾಯಿ ಬಿಡುತ್ತಿದ್ದಾಗ, ಸಿದ್ದರಬೆಟ್ಟದ ಕಡೆ ಮೋಡ ಕಂಡರೆ ನನ್ನ ಜೀವ ಬಾಡುತ್ತಿತ್ತು. ಇದನ್ನು ಯಾರಿಗೆ ಹೇಳುವುದು?

ಒಂದು ಬೆಳಗ್ಗೆ ಅಕ್ಕ ಕಂಬಳಿ ಹೊದ್ದು ಬಂದಳು.

"ಬಿಂದಿಗೆ, ಮೈಯೆಲ್ಲಾ ಚಳಿಚಳಿ ಅಂತೈತೆ ಕಣೆ. ಬ್ಯಾಸ್ಗೇಲಿ ಇದೆಂಥ ಚಳಿಯೋ!"

"ಅಮೃತಬಳ್ಳಿ ಕಷಾಯ ಕುಡೀಬೇಕಂತೆ ಅನ್ನೇ" ಎಂದೆ.

"ಆಯ್ತಂತೆ ಅನ್ನು" ಎಂದಳು. ಅಂದು ಗಂಟು ಬಿಚ್ಚುವುದಕ್ಕೆ ಅವಳಿಗೆ ತುಂಬ ಹೊತ್ತು ಹಿಡಿಯಿತು.

ಮಾರನೆಯ ದಿನ ಅವಳು ಬರಲಿಲ್ಲ. ಬಿಸಿಲು ಬರುವವರೆಗೂ ಕಾದೆ. ಭಾವನಿಗೆ ತಿಳಿದು ತಡೆದಿರಬೇಕು, ಇವಳೂ ತೆಪ್ಪಗೆ ಕೂತಿರಬೇಕು ಎಂದು ಅವಳ ಮೇಲೆಯೇ ಕೋಪ ಬಂತು. ಬರಿಗೊಡ ಹೊತ್ತು ಮನೆಗೆ ಬಂದು, ಹಗ್ಗ ಎಟುಕುತ್ತಿಲ್ಲ ಎಂದೆ. "ಇರೋದ್ರಲ್ಲೇ ನಡ್ಸು" ಎಂದು ಗಂಡ ಎದ್ದುಹೋದರು.

ಅದರ ಮಾರನೆಯ ದಿನ ಬಾವಿಯ ಬಳಿ ನಿಂತಿದ್ದವರು ಭಾವ. ಹೆಗಲ ಮೇಲೆ ಅವರ ಹಗ್ಗ, ಪಕ್ಕದಲ್ಲಿ ತಾಮ್ರದ ಹಂಡೆ. ಭಾವನ ಎದುರು ಮಾತಾಡುವ ರೂಢಿ ನಮ್ಮಲ್ಲಿಲ್ಲ. ಸೆರಗು ಎಳೆದುಕೊಂಡು ನಿಂತೆ. ಅವರು ಹಗ್ಗವನ್ನು ಕಟ್ಟೆಯ ಮೇಲಿಟ್ಟು, "ಹಂಡೆ ತುಂಬಾ ಬೇಕು ಕಣವ್ವ" ಎಂದರು.

ಆ ಬೇಸಿಗೆಯಲ್ಲಿ ಯಾರೂ ಮೈಗೆ ಹಂಡೆ ನೀರು ಹಾಕಿಕೊಳ್ಳುತ್ತಿರಲಿಲ್ಲ. ಹೆಣಕ್ಕೆ ಮಾತ್ರ ಅಷ್ಟು ಹಾಕುತ್ತಿದ್ದರು. ಆ ಮನೆಯಲ್ಲಿ ಇದ್ದವರೇ ಇಬ್ಬರು, ಕೇಳುವುದೇನೂ ಉಳಿದಿರಲಿಲ್ಲ.

ಅಳು ಬರಲಿಲ್ಲ. ಗಂಟು ಹಾಕಿದೆ, ಬಿಂದಿಗೆ ಬಿಟ್ಟೆ. ಗಂಟು ರಾಟೆಗೆ ಸಿಕ್ಕಿಕೊಂಡಿತು. ಏನು ಮಾಡಬೇಕೆಂದು ಭಾವನಿಗೆ ತಿಳಿಯಲಿಲ್ಲ, ನಾನು ಹಗ್ಗ ಹಿಡಿದು ನಿಂತೇ ಇದ್ದೆ. ಸ್ವಲ್ಪ ಹೊತ್ತಿಗೆ ಅವರು ಗಂಟನ್ನು ನೋಡಿ, ನನ್ನನ್ನು ನೋಡಿ, ಕೈ ಚಾಚಿ ಎತ್ತಿ ದಾಟಿಸಿದರು. ತಮ್ಮ ಮನೆಗೆ ದಿನವೂ ನೀರು ಹೇಗೆ ಬರುತ್ತಿತ್ತೆಂದು ಅವರಿಗೆ ಆಗ ಗೊತ್ತಾಗಿರಬೇಕು. ಹಂಡೆ ತುಂಬುವವರೆಗೆ ಪ್ರತಿ ಬಿಂದಿಗೆಗೂ ಗಂಟನ್ನು ಅವರೇ ದಾಟಿಸಿದರು.

ಅಕ್ಕನನ್ನು ಮಣ್ಣು ಮಾಡುವಾಗ ಅಣ್ಣ ತಮ್ಮ ಇಬ್ಬರೂ ಜೊತೆಗೆ ಗುಂಡಿ ತೋಡಿದರು. ಮುನಿಸು ಹೋಯಿತು. ಅಷ್ಟು ಸುಲಭಕ್ಕೆ ಹೋಗುವಂಥದಾಗಿತ್ತು ಅದು. ಭಾವ ನಮ್ಮಲ್ಲೇ ಉಣ್ಣತೊಡಗಿದರು, ತಮ್ಮ ಪಾಲಿನ ಹಗ್ಗವನ್ನೂ ನನಗೇ ಬಿಟ್ಟುಕೊಟ್ಟರು. ಗಂಟು ಬಿಚ್ಚುವ ಕೆಲಸ ಇನ್ನಿರಲಿಲ್ಲ. ಯಾವಾಗ ಬೇಕಾದರೂ ಬಾವಿಗೆ ಹೋಗಬಹುದಾಗಿತ್ತು, ಬೇಕಾದಷ್ಟು ಸೇದಬಹುದಾಗಿತ್ತು.

ಗಂಟು ರಾಟೆಯ ಬಳಿ ಬಂದು ನಿಲ್ಲುತ್ತಿತ್ತು. ಹಗ್ಗವನ್ನು ಕಾಲಲ್ಲಿ ಮೆಟ್ಟಿಕೊಂಡು, ಒಂದು ಕೈ ಚಾಚಿ ಒಬ್ಬಳೇ ದಾಟಿಸುವುದನ್ನು ಕಲಿತೆ. ಅದೇನು ಬಾರದ ಕೆಲಸವಲ್ಲ. ಆದರೆ ಕೈ ಚಾಚುವುದಕ್ಕೆ ಮುಂಚೆ, ಪ್ರತಿಸಲವೂ, ಹಗ್ಗ ಹಿಡಿದುಕೊಂಡು ಒಂದು ಗಳಿಗೆ ಹಾಗೇ ನಿಂತಿರುತ್ತಿದ್ದೆ.